ಮೂರನೇ ಬೇರಿಂಗ್

ಐವತ್ತೊಂದು ದಾಟಿದ ಆ ಮೆಕ್ಯಾನಿಕ್‌ನನ್ನು ಇಡೀ ಬೀದಿ ‘ತಮ್ಮಣ್ಣ’ ಎಂದು ಕರೆಯುತ್ತಿತ್ತು. ಅದು ಅವನ ಹೆಸರಲ್ಲ. ಇಪ್ಪತ್ತರ ಹರೆಯದಲ್ಲಿ ಅಣ್ಣನ ಬೆನ್ನಿಗೆ ಈ ಶೆಡ್ಡಿಗೆ ಕೆಲಸಕ್ಕೆ ಬಂದಾಗ ಎಲ್ಲರೂ ‘ತಮ್ಮ’ ಎಂದರು. ತಲೆ ನರೆತ ಮೇಲೆ, ಬರೀ ತಮ್ಮ ಎನ್ನಲು ಬಾಯಿ ಬಾರದ ಚಿಕ್ಕವರು ಅದಕ್ಕೊಂದು ‘ಅಣ್ಣ’ ಸೇರಿಸಿದರು.

“ತಾನೇ ತಮ್ಮ, ತಾನೇ ಅಣ್ಣ. ಅಪ್ಪನ ಜಾಗಾನೂ ನೀನೇ ತಗೊಂಡುಬಿಡು, ಒಂದು ಸಂಸಾರ ಮುಗೀತು” ಎಂದು ವೆಲ್ಡರ್ ಹಾಸ್ಯ ಮಾಡುತ್ತಿದ್ದ. ಮೂವತ್ತು ವರ್ಷದಿಂದ ಅದೇ ಮೂಲೆಯಲ್ಲಿ ಕಿಡಿ ಹಾರಿಸುತ್ತಿದ್ದ ವೆಲ್ಡರ್‌ಗೆ ಯಾವ ಮಾತನ್ನಾದರೂ ಆಡುವ ಸಲಿಗೆಯಿತ್ತು. ಆದರೆ ನಿಜವಾದ ಅಣ್ಣನ ಸುದ್ದಿ ಬಂದರೆ ಅವನೂ ಕಪ್ಪು ಕನ್ನಡಕ ಇಳಿಸಿಕೊಂಡು ಕೆಲಸಕ್ಕೆ ಬಾಗುತ್ತಿದ್ದ. ಅಣ್ಣ ಈ ಶೆಡ್ಡಿಗೆ ಕಾಲಿಡದೆ ಇಪ್ಪತ್ತೇಳು ವರ್ಷವಾಗಿತ್ತು.

ಟೈರ್ ಅಂಗಡಿಗೂ ಗಾಜು ಕತ್ತರಿಸುವವನ ಅಂಗಡಿಗೂ ನಡುವೆ ಸಿಕ್ಕಿಕೊಂಡ ತಗಡಿನ ಶೆಡ್ಡು ಅದು. ನೆಲದ ಮಧ್ಯೆ ಗಾಡಿಯ ಹೊಟ್ಟೆ ನೋಡಲು ತೋಡಿದ ಉದ್ದನೆಯ ಗುಂಡಿ, ಅದರ ಮೇಲೆ ಎಣ್ಣೆ ಕುಡಿದು ಕಪ್ಪಾದ ಹಲಗೆಗಳು. ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರವನ್ನೂ ಶೆಡ್ಡಿನ ಒಡೆಯರಾಗಿದ್ದ ಮೇಸ್ತ್ರಿ ಸ್ವಂತ ಕೈಯಿಂದಲೇ ಬಿಳಿ ಬಣ್ಣದಲ್ಲಿ ಬರೆದಿದ್ದರು. ಸಂಜೆ ಯಾವುದು ವಾಪಸು ಬಂದಿಲ್ಲ ಎಂಬುದು ಗೋಡೆ ನೋಡಿದರೆ ತಿಳಿಯುತ್ತಿತ್ತು. ಮೇಸ್ತ್ರಿ ತೀರಿಕೊಂಡು ಒಂಬತ್ತು ವರ್ಷ. ಅವರ ಒಬ್ಬಳೇ ಮಗಳನ್ನು ಕೈಹಿಡಿದ ತಮ್ಮಣ್ಣನಿಗೆ ಶೆಡ್ಡೂ ಬಂದಿತ್ತು.

ಒಂದು ಬೆಳಗ್ಗೆ ಲಾರಿಯೊಂದು ಹಿಮ್ಮುಖವಾಗಿ ಬಂದು ಬಾಗಿಲಲ್ಲಿ ನಿಂತಿತು. ಅದರ ಮೇಲೆ ಹಗ್ಗದಲ್ಲಿ ಬಿಗಿದಿದ್ದ ಹಳೇ ಕಾರು: ಉದ್ದ ಮೂಗು, ದುಂಡು ಬೆನ್ನು, ಹೊರಗೆ ಚಾಚಿದ ಎರಡು ದೀಪ. ಕಡು ಹಸಿರು ಬಣ್ಣ ಧೂಳಿನಡಿ ಎಲ್ಲೋ ಇತ್ತು. ಟೈರುಗಳು ಬಿರಿದು ರಿಮ್ಮು ನೆಲ ಮುಟ್ಟಿತ್ತು. ಹಿಂದಿನ ಸೀಟಿನ ಹೊಟ್ಟೆಯಲ್ಲಿ ಇಲಿಗಳು ತಲೆಮಾರುಗಟ್ಟಲೆ ಸಂಸಾರ ಮಾಡಿದ್ದವು. ತಮ್ಮಣ್ಣ ಟೀ ಲೋಟ ಹಿಡಿದವನು ಹಿಡಿದೇ ನಿಂತ. ಅವನಿಗೆ ಆ ಕಾರು ಗೊತ್ತಿತ್ತು.

ಲಾರಿಯ ಮುಂಭಾಗದಿಂದ ಒಬ್ಬ ಹೆಂಗಸು ಇಳಿದಳು. ಮೂವತ್ತರ ಆಸುಪಾಸು.

“ಇದು ನಮ್ಮ ತಾತನ ಕಾರು. ಡಾಕ್ಟರಾಗಿದ್ರು. ಸಾಯೋವರೆಗೂ ಇದನ್ನ ಯಾರ ಕೈಗೂ ಕೊಡಲಿಲ್ಲ. ಇಂಥ ಎಂಜಿನ್ ಗೊತ್ತಿರೋರು ಈಗ ನೀವೊಬ್ಬರೇ ಅಂದ್ರು, ಅದಕ್ಕೇ ತಂದೆ.” ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದಳು: “ಆ ಶೆಡ್ಡಿನ ದೊಡ್ಡ ಮೆಕ್ಯಾನಿಕ್ಕೇ ನನ್ನ ಗಾಡಿ ಕೊಂದ ಅಂತಿದ್ರು ತಾತ. ಅದು... ನೀವಾ?”

“ಅಲ್ಲಮ್ಮ. ಅದು ನಮ್ಮಣ್ಣ” ಎಂದ ತಮ್ಮಣ್ಣ. ಹೇಳಿ ಹೇಳಿ ರೂಢಿಯಾಗಿದ್ದ ಮಾತು, ಎಲ್ಲೂ ತೊಡರದೆ ಹೊರಗೆ ಬಂತು.

ನಡೆದದ್ದು ಇಷ್ಟು. ಇಪ್ಪತ್ತೇಳು ವರ್ಷದ ಹಿಂದೆ ಇದೇ ಕಾರಿನ ಎಂಜಿನ್ನನ್ನು ಇದೇ ಶೆಡ್ಡಿನಲ್ಲಿ ಪೂರ್ತಿ ಬಿಚ್ಚಿ ಹೊಸದು ಮಾಡಿದ್ದರು. ಮೇಲಿನ ಕೆಲಸ ತಮ್ಮನದು. ಕೆಳಗಿನದು, ಅಂದರೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಮತ್ತು ಅದನ್ನು ಹೊರುವ ಬೇರಿಂಗುಗಳದು, ಅಣ್ಣನದು. ಅಣ್ಣನಿಗೆ ಆಗ ಮೂವತ್ತೆರಡು. ಅವನ ಕೈಯಂಥ ಕೈ ನಾಲ್ಕು ಬೀದಿಯಲ್ಲಿ ಇನ್ನೊಂದಿಲ್ಲ ಎನ್ನುತ್ತಿದ್ದರು. ಮುಂದೆ ಶೆಡ್ಡು ಅವನಿಗೇ ಎಂದು ಮೇಸ್ತ್ರಿ ಎಲ್ಲರೆದುರು ಹೇಳಿಯಾಗಿತ್ತು. ಎಂಜಿನ್ ಗಡಿಯಾರದ ಹಾಗೆ ಓಡಿತು. ಡಾಕ್ಟರು ಕಾರು ಒಯ್ದರು. ಮೂರನೇ ದಿನ ರೋಗಿಯೊಬ್ಬನನ್ನು ನೋಡಲು ಹೊರಟಾಗ ದಿಣ್ಣೆ ಏರುವಲ್ಲಿ ಎಂಜಿನ್ ಒಮ್ಮೆ ಕಟಕಟ ಎಂದು ಸದ್ದು ಮಾಡಿ ಕಚ್ಚಿಕೊಂಡು ನಿಂತುಬಿಟ್ಟಿತು. ಡಾಕ್ಟರು ಬ್ಯಾಗು ಹಿಡಿದು ಎರಡು ಮೈಲಿ ಓಡಿದರು. ರೋಗಿ ಬದುಕಿದ. ಡಾಕ್ಟರ ಕೋಪ ಮಾತ್ರ ಆರಲಿಲ್ಲ. ಕಾರನ್ನು ಮನೆಗೆ ಎಳೆಸಿ ಬೀಗ ಹಾಕಿದರು. “ಒಂದು ಸಲ ಬಿಚ್ಚಿ ನೋಡ್ತೀನಿ ಸ್ವಾಮಿ” ಎಂದು ಮೇಸ್ತ್ರಿ ಮೂರು ಸಲ ಹೋಗಿ ಗೇಟಿನಿಂದಲೇ ವಾಪಸು ಬಂದರು.

ಮೂರನೇ ಸಲ ಬಂದವರು ಶೆಡ್ಡಿನ ಮಧ್ಯೆ ನಿಂತು ಕೇಳಿದರು: “ಕೆಳಗಿನ ಕೆಲಸ ಯಾರದು?”

“ನಂದು” ಎಂದ ಅಣ್ಣ.

“ನಾಳೆಯಿಂದ ಬರಬೇಡ.”

ಅಣ್ಣ ವಾದ ಮಾಡಲಿಲ್ಲ. ಎಲ್ಲಿ ತಪ್ಪಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಅವನನ್ನು ತಿಂದಿತು. ತಿಳಿದು ಮಾಡಿದ ತಪ್ಪಾದರೆ ಇನ್ನೊಮ್ಮೆ ಮಾಡದೆ ಇರಬಹುದು. ಕೈ ತನಗೇ ಹೇಳದೆ ತಪ್ಪು ಮಾಡಿದ್ದರೆ ಆ ಕೈಯನ್ನು ನಂಬುವುದು ಹೇಗೆ? ತನ್ನ ಸ್ಪ್ಯಾನರ್ ಪೆಟ್ಟಿಗೆಯನ್ನೂ ಬಿಟ್ಟು ಹೋದವನು ಒಂದು ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವ ಕೆಲಸಕ್ಕೆ ಸೇರಿದ. ಮನೆಯ ಬಾಗಿಲಿಗೆ ಬೀಗ ಹಾಕಿ ನಾಲ್ಕು ಸಲ ಜಗ್ಗುವುದು, ಬೀದಿಯ ತಿರುವಿನಿಂದ ವಾಪಸು ಬಂದು ಐದನೇ ಸಲ ಜಗ್ಗುವುದು ಅವನ ಅಭ್ಯಾಸವಾಯಿತು. ಅವನ ಮಗ ಹದಿನಾರಕ್ಕೆ “ಚಿಕ್ಕಪ್ಪನ ಶೆಡ್ಡಿಗೆ ಸೇರ್ತೀನಿ” ಎಂದಾಗ, “ನಮ್ಮ ಕೈ ಅದಕ್ಕಲ್ಲ” ಎಂದು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ. ಮಗ ಈಗ ಒಂದು ಔಷಧದ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಾನೆ.

ತಮ್ಮಣ್ಣನಿಗೆ ಈ ಕಾರು ಓಡಬೇಕಿತ್ತು. ಮನೆತನಕ್ಕೆ ಅಂಟಿದ ಕಲೆಯನ್ನು ತಾನು ತೊಳೆಯುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ಕೆಲಸಕ್ಕೆ ಇಳಿದ. ಬ್ರೇಕ್ ಡ್ರಮ್ಮುಗಳು ತುಕ್ಕಿನಿಂದ ಅಚ್ಚು ಹೊಯ್ದಂತೆ ಕೂತಿದ್ದವು. ಕಾರ್ಬೊರೇಟರ್ ಒಳಗೆ ಪೆಟ್ರೋಲು ಒಣಗಿ ಅಂಟಾಗಿತ್ತು. ಪಿಸ್ಟನ್ನುಗಳು ಅಲ್ಲಾಡಲಿಲ್ಲ; ಡೀಸೆಲ್ಲಿಗೆ ಎಣ್ಣೆ ಬೆರೆಸಿ ಸುರಿದು ಒಂಬತ್ತು ದಿನ ನೆನೆಯಲು ಬಿಟ್ಟ. ಹತ್ತನೇ ದಿನ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಮೊದಲನೆಯದು ಕೂದಲೆಳೆಯಷ್ಟು ಸರಿಯಿತು.

“ಹೆರಿಗೆ ನೋವು ಶುರುವಾಯ್ತು, ಬಿಸಿನೀರು ಕಾಯಿಸಲಾ?” ಎಂದ ವೆಲ್ಡರ್.

“ನಿನ್ನ ಬಾಯಿಗೇ ಮೊದಲು ವೆಲ್ಡಿಂಗ್ ಮಾಡ್ಬೇಕು” ಎಂದ ತಮ್ಮಣ್ಣ. ಅವನು ಖುಷಿಯಲ್ಲಿದ್ದ.

ಎಂಜಿನ್ನನ್ನು ಕೆಳಗಿಳಿಸಿ, ಸ್ಟ್ಯಾಂಡಿಗೆ ಕೂರಿಸಿ, ತಲೆಕೆಳಗು ಮಾಡಿದರು. ಆ ಎಂಜಿನ್ನಿನಲ್ಲಿ ಕ್ರ್ಯಾಂಕ್ ಮೂರು ಬೇರಿಂಗುಗಳ ಮೇಲೆ ತಿರುಗುತ್ತದೆ. ಒಂದೊಂದು ಬೇರಿಂಗೂ ಎರಡು ಹೋಳು, ಬಳೆಯನ್ನು ನಡುವೆ ಸೀಳಿದ ಹಾಗೆ. ಒಂದು ಹೋಳಿನಲ್ಲಿ ತೂತಿರುತ್ತದೆ. ಅದು ಎಂಜಿನ್ನಿನ ಮೈಯ ಕಡೆ ಕೂರಬೇಕು, ಎಣ್ಣೆ ಬರುವುದು ಅದರ ಮೂಲಕ. ಇನ್ನೊಂದು ಹೋಳಿಗೆ ತೂತಿಲ್ಲ. ಅದು ಮುಚ್ಚಳದಂಥ ಕ್ಯಾಪಿನೊಳಗೆ ಕೂರುತ್ತದೆ, ಕ್ಯಾಪನ್ನು ಎರಡು ನಟ್ಟು ಹಾಕಿ ಬಿಗಿಯುತ್ತಾರೆ. ಇನ್ನು ಮೇಸ್ತ್ರಿಯದೊಂದು ಪದ್ಧತಿ ಇತ್ತು. ಯಾರು ಬಿಗಿದರೋ ಅವರು ಆ ಭಾಗದ ಒಳಮಗ್ಗುಲಿಗೆ ಪಂಚು ಎಂಬ ಚೂಪು ಉಳಿಯಿಂದ ತಮ್ಮ ಗುರುತು ಹೊಡೆಯಬೇಕು. ಅಣ್ಣನಿಗೆ ಒಂದು ಚುಕ್ಕಿ, ತಮ್ಮನಿಗೆ ಎರಡು. ಕೆಲಸ ಕೆಟ್ಟು ವಾಪಸು ಬಂದರೆ ಯಾರನ್ನು ಬೈಯಬೇಕೆಂದು ಹುಡುಕುವುದು ಬೇಡ ಎನ್ನುತ್ತಿದ್ದರು ಮೇಸ್ತ್ರಿ. ಅವರು ಹೋದ ಮೇಲೆ ಅದೂ ನಿಂತಿತ್ತು.

ಮೊದಲನೇ ಕ್ಯಾಪು ಬಿಚ್ಚಿದ. ಬೇರಿಂಗ್ ಹೊಳೆಯುತ್ತಿತ್ತು. ಸೀಮೆಎಣ್ಣೆಯಲ್ಲಿ ಅದ್ದಿ ಬ್ರಷ್ಷಿನಿಂದ ತಿಕ್ಕಿದಾಗ ಅಣ್ಣನ ಒಂದು ಚುಕ್ಕಿ ಕಂಡಿತು. ಎರಡನೆಯದೂ ಹಾಗೇ. ಮೂರನೆಯದು ಸುಟ್ಟು ಕರಕಲಾಗಿ ಅಂಟಿತ್ತು, ಕೀಳಲು ಅರ್ಧ ಗಂಟೆ ಬೇಕಾಯಿತು. ತೂತಿರುವ ಹೋಳು ಕ್ಯಾಪಿನೊಳಗಿತ್ತು. ಕ್ರ್ಯಾಂಕ್ ಎತ್ತಿ ನೋಡಿದರೆ, ತೂತಿಲ್ಲದ ಹೋಳು ಎಣ್ಣೆಯ ದಾರಿಯನ್ನು ಮುಚ್ಚಿಕೊಂಡು ಕೂತಿತ್ತು. ಎರಡನ್ನೂ ಅದಲುಬದಲು ಹಾಕಿದ್ದರು. ಎಣ್ಣೆ ಅಲ್ಲಿಯವರೆಗೆ ಬಂದು ಗೋಡೆಗೆ ಮುಖ ಕೊಟ್ಟು ನಿಂತಿತ್ತು.

“ಅಯ್ಯೋ ಅಣ್ಣಾ, ಇಷ್ಟೇನಾ” ಎಂದುಕೊಂಡ ತಮ್ಮಣ್ಣ. ಕ್ಯಾಪನ್ನು ಸೀಮೆಎಣ್ಣೆಗೆ ಅದ್ದಿ ತಿಕ್ಕಿದ. ಚುಕ್ಕಿ ಎರಡಿದ್ದವು.

ಮತ್ತೆ ತಿಕ್ಕಿದ. ಎರಡೇ.

ಈ ಎಂಜಿನ್ ಬಿಗಿದ ಆ ಮಧ್ಯಾಹ್ನ ಇಡಿಯಾಗಿ ನೆನಪಿನಲ್ಲಿ ಎದ್ದು ಬಂತು. ಪಕ್ಕದಲ್ಲಿ ಯಾರೋ ಗ್ರೈಂಡರ್ ಹಿಡಿದಿದ್ದರು, ಲೋಹದ ಚೂರೊಂದು ಹಾರಿ ಅಣ್ಣನ ಕಣ್ಣಿಗೆ ಬಿದ್ದಿತ್ತು. ಮೊದಲೆರಡು ಬೇರಿಂಗಿನ ತೂತಿರುವ ಹೋಳು ಕೂರಿಸಿ ಮುಗಿಸಿದ್ದ ಅಣ್ಣ ಕಣ್ಣು ಮುಚ್ಚಿಕೊಂಡು ದವಾಖಾನೆಗೆ ಓಡಿದ್ದ. ಅವನು ಬರುವುದರೊಳಗೆ ಕೆಲಸ ಮುಂದಕ್ಕೆ ಹೋಗಿರಲಿ, ಶಭಾಷ್ ಅನ್ನಲಿ ಎಂದು ತಮ್ಮ ತಾನೇ ಮೂರನೆಯದನ್ನು ಕೂರಿಸಿ, ವೆಲ್ಡರನ್ನು ಕರೆದು ಕ್ರ್ಯಾಂಕ್ ಇಳಿಸಿ, ಕ್ಯಾಪು ಬಿಗಿದು, ಪಂಚು ಹೊಡೆದಿದ್ದ. ಅಣ್ಣ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದು, ಮೂರನೆಯದನ್ನೂ ತನ್ನ ಕೆಲಸದ ಲೆಕ್ಕಕ್ಕೇ ಸೇರಿಸಿಕೊಂಡು, ಉಳಿದೆರಡು ಕ್ಯಾಪು ಬಿಗಿದ. ಇಪ್ಪತ್ತೇಳು ವರ್ಷವೂ ತಮ್ಮಣ್ಣ ಈ ಕಣ್ಣಿನ ಘಟನೆಯನ್ನು ನೆನಪಿಟ್ಟಿದ್ದ. ಆದರೆ ಅದು ಬೇರೆ ಯಾವುದೋ ಗಾಡಿಯ ದಿನ ಎಂದು ನೆನಪಿಟ್ಟಿದ್ದ. ಮನಸ್ಸು ಅದನ್ನು ಯಾವಾಗ ಇಲ್ಲಿಂದ ತೆಗೆದು ಅಲ್ಲಿಟ್ಟಿತೋ ಅವನಿಗೇ ತಿಳಿಯದು.

ಕ್ಯಾಪನ್ನು ಗ್ರೈಂಡರಿನ ಹತ್ತಿರ ಒಯ್ದ. ಸ್ವಿಚ್ಚು ಹಾಕಿದ. ಒಂದು ಸಲ ತಾಗಿಸಿದರೆ ಚುಕ್ಕಿ ಅಳಿಸಿಹೋಗುತ್ತಿತ್ತು.

“ಅದರಲ್ಲಿ ಉಜ್ಜೋಕೆ ಏನಿದೆಯೋ?” ಎಂದು ವೆಲ್ಡರ್ ಕೂಗಿದ.

“ಏನಿಲ್ಲ” ಎಂದು ಸ್ವಿಚ್ಚು ಆರಿಸಿದ.

ಮಧ್ಯಾಹ್ನ ಊಟಕ್ಕೆ ಹೋದಾಗ ಕ್ಯಾಪನ್ನು ಹೆಂಡತಿಯ ಮುಂದಿಟ್ಟ. ಮೇಸ್ತ್ರಿಯ ಮಗಳು, ಅವಳಿಗೆ ವಿವರಿಸುವ ಅಗತ್ಯವಿರಲಿಲ್ಲ. ತಿರುಗಿಸಿ ನೋಡಿದಳು.

“ಡಾಕ್ಟರ ಗಾಡೀದಾ?”

“ಹೂಂ.”

“ಎರಡಿದೆ.”

“ಹೂಂ.”

ಅವಳು ತಟ್ಟೆಗೆ ಬಡಿಸಿ ಎದುರು ಕೂತಳು. “ಬಾಯಿ ಮುಚ್ಕೊಂಡು ಇದ್ದುಬಿಡಿ.”

“ಹೇಳದೆ ಇದ್ರೆ ಅಣ್ಣ ತಪ್ಪಿತಸ್ಥನಾಗೇ ಸಾಯ್ತಾನೆ ಕಣೇ.”

“ಹೇಳಿದ್ರೆ? ಭಾವ ಅದನ್ನ ಹೊತ್ತು ಹೊತ್ತು ಹೆಗಲು ಒಗ್ಗಿಸಿಕೊಂಡಿದ್ದಾರೆ. ಐವತ್ತೊಂಬತ್ತು ಆಯ್ತು ಅವರಿಗೆ. ಈಗ ಹೋಗಿ, ಅದು ನಿಮ್ಮದಲ್ಲ, ಸುಮ್ನೆ ಹೊತ್ರಿ ಅಂತೀರಾ?” ಅವಳ ದನಿ ಒರಟಾಯಿತು. “ನಮ್ಮಪ್ಪ ಒಳ್ಳೇ ಕೆಲಸದವನನ್ನ ಬೀದಿಗೆ ಹಾಕಿದ ಅಂತ ನಾನೂ ಕೇಳ್ಬೇಕು. ಹೋಗ್ಲಿ, ಕೇಳ್ತೀನಿ. ಆದ್ರೆ ಅವರಿಗೋಸ್ಕರ ಹೇಳ್ತೀರೋ, ನಿಮ್ಮ ಹೊಟ್ಟೆ ಹಗುರ ಆಗ್ಲಿ ಅಂತ ಹೇಳ್ತೀರೋ, ಅದನ್ನ ಮೊದಲು ನೋಡ್ಕೊಳ್ಳಿ.”

ಅವನು ಕ್ಯಾಪನ್ನು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿದ. ಅಣ್ಣನಿಗೆ ಅವನ ಕೈ ವಾಪಸು ಸಿಗಬೇಕು, ಅಷ್ಟೇ ತನಗೆ ಬೇಕಿರುವುದು ಎಂದು ತನಗೆ ತಾನೇ ಹೇಳಿಕೊಂಡ.

ಭಾನುವಾರ ಬೆಳಗ್ಗೆ ಹೋದ. ಅಣ್ಣನದು ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅಡುಗೆಮನೆಯ ನಲ್ಲಿಗೆ ಬಟ್ಟೆ ಸುತ್ತಿತ್ತು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ವಾಷರಿನ ಕೆಲಸ. ಪ್ಲಂಬರ್‌ಗೆ ಹೇಳಿ ಕಳಿಸಿ ನಾಲ್ಕು ದಿನವಾಯಿತು, ಇನ್ನೂ ಬಂದಿಲ್ಲ ಎಂದು ಅತ್ತಿಗೆ ಗೊಣಗುತ್ತಿದ್ದಳು.

“ಏನೋ ತಮ್ಮ, ದಾರಿ ತಪ್ಪಿ ಬಂದ್ಯಾ?” ಎಂದ ಅಣ್ಣ.

ತಮ್ಮಣ್ಣ ಬಟ್ಟೆಯ ಗಂಟು ಬಿಚ್ಚಿ ಕ್ಯಾಪನ್ನು ಮೇಜಿನ ಮೇಲಿಟ್ಟ.

“ಜನ ನೆಂಟರ ಮನೆಗೆ ಹಣ್ಣು ತರ್ತಾರೆ” ಎಂದಳು ಅತ್ತಿಗೆ. “ಇವರು ಕಬ್ಬಿಣ ತಂದಿದ್ದಾರೆ.”

ಅಣ್ಣ ನಗಲಿಲ್ಲ. ಕ್ಯಾಪನ್ನು ಎತ್ತಿಕೊಂಡ. ಅವನ ಹೆಬ್ಬೆರಳು ಕಣ್ಣಿಗಿಂತ ಮೊದಲೇ ಒಳಮಗ್ಗುಲಿಗೆ ಹೋಯಿತು, ಅಲ್ಲಿ ನಿಂತಿತು.

“ಡಾಕ್ಟರದ್ದಾ?”

“ಹೂಂ ಅಣ್ಣ. ಮೂರನೇದು.”

“ತೂತಿರೋದು ಇದರೊಳಗಿತ್ತಾ?”

“ಹೂಂ.”

ಅಣ್ಣ ಕ್ಯಾಪನ್ನು ಮೇಜಿಗಿಟ್ಟು, “ನನ್ನ ಕಣ್ಣಿಗೆ ಚೂರು ಬಿದ್ದ ದಿನ” ಎಂದ. ಮತ್ತೆ ಮುಂದಕ್ಕೆ ಬಾಗಿ ಕೇಳಿದ: “ನಾನು ಹೋಗೋ ಮುಂಚೆ ಹೋಳುಗಳನ್ನ ಬಟ್ಟೆ ಮೇಲೆ ಜೋಡಿಸಿಟ್ಟಿದ್ದೆ ಅಲ್ವಾ? ಅವನ್ನ ತಿರುವುಮುರುವಾಗಿ ಇಟ್ಟಿದ್ನಾ? ನೀನು ಅದೇ ಥರ ಎತ್ತಿಕೊಂಡ್ಯಾ? ನೆನಪು ಮಾಡ್ಕೋ.”

ತಪ್ಪು ತನ್ನದೇ ಆಗಿರಲಿ ಎಂದು ಅವನು ಬೇಡುತ್ತಿದ್ದಾನೆ ಎಂಬುದು ತಮ್ಮಣ್ಣನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಹೌದು ಎಂದರೆ ಇಬ್ಬರಿಗೂ ಅರ್ಧರ್ಧ ಹಂಚಿಹೋಗುತ್ತಿತ್ತು. ಆದರೆ ಅವನು ಸುಳ್ಳು ಹೇಳಲು ಬಂದಿರಲಿಲ್ಲ.

“ನೀನು ಸರಿಯಾಗೇ ಇಟ್ಟಿದ್ದೆ ಅಣ್ಣ. ತೂತಿರೋದು ಒಂದು ಕಡೆ, ಇಲ್ಲದ್ದು ಒಂದು ಕಡೆ. ನಾನೇ ಅವಸರ ಮಾಡ್ದೆ.”

“ಹಾಗಾದ್ರೆ,” ಎಂದ ಅಣ್ಣ, “ಇಪ್ಪತ್ತೇಳು ವರ್ಷ ನಾನು ಆ ಲಿಫ್ಟಲ್ಲಿ ಏನು ಮಾಡ್ತಿದ್ದೆ?”

ಅವನು ಕೂಗಲಿಲ್ಲ, ನಿಜವಾಗಿಯೂ ಕೇಳಿದ. ತಮ್ಮಣ್ಣನ ಹತ್ತಿರ ಉತ್ತರವಿದೆಯೇನೋ ಎಂಬಂತೆ ಮುಖ ನೋಡಿದ.

ಉತ್ತರ ಬಂದದ್ದು ಅತ್ತಿಗೆಯಿಂದ. “ನನ್ನ ಮಗ ನಿಮ್ಮ ಶೆಡ್ಡಿಗೆ ಬರ್ತೀನಿ ಅಂತ ಮೂರು ದಿನ ಊಟ ಬಿಟ್ಟಿದ್ದ. ಇವರು ಬಗ್ಗಲಿಲ್ಲ. ಆಗ ನೀವೂ ಬಂದು ಇದೇ ಕುರ್ಚಿ ಮೇಲೆ ಕೂತು, ಅಣ್ಣ ಹೇಳೋದು ಸರಿ ಕಣಪ್ಪ ಅಂತ ಅವನಿಗೆ ಬುದ್ಧಿ ಹೇಳಿದ್ರಿ. ಜ್ಞಾಪಕ ಇದೆಯಾ?”

ಜ್ಞಾಪಕವಿತ್ತು. ಟೀ ಕೊಡದೆ ಅವರು ಅವನನ್ನು ಕಳಿಸಿದ್ದು ಈ ಸಲವೇ ಮೊದಲು.

ಮರುದಿನ ಡಾಕ್ಟರ ಮೊಮ್ಮಗಳು ಕೆಲಸ ನೋಡಲು ಬಂದಾಗ ತಮ್ಮಣ್ಣ ಅವಳಿಗೂ ಹೇಳಿದ: “ಗಾಡಿ ಕೆಡಿಸಿದ್ದು ನಮ್ಮಣ್ಣ ಅಲ್ಲಮ್ಮ, ನಾನು.” ಅವಳು ಒಂದು ಗಳಿಗೆ ಅವನನ್ನು ನೋಡಿ, “ಹೋಗ್ಲಿ ಬಿಡಿ. ಎಷ್ಟು ಹಳೇ ಮಾತು! ಈಗ ನೀವೇ ಸರಿ ಮಾಡ್ತಿದ್ದೀರಲ್ಲ” ಎಂದು ಸೀಟಿನ ಬಟ್ಟೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಮೂರು ವಾರ ಕಳೆಯಿತು. ಕ್ರ್ಯಾಂಕ್ ಉಜ್ಜಿಸಿಕೊಂಡು ಬಂದದ್ದಾಯಿತು, ಹೊಸ ಬೇರಿಂಗುಗಳೂ ಬಂದವು. ತಮ್ಮಣ್ಣ ತೂತಿರುವ ಹೋಳುಗಳಲ್ಲಿ ಎರಡನ್ನು ಕೂರಿಸಿ ಮೂರನೆಯದಕ್ಕೆ ಕೈ ಹಾಕುವ ಹೊತ್ತಿಗೆ ಬಾಗಿಲಲ್ಲಿ ನೆರಳಾಡಿತು. ಲಿಫ್ಟಿನವರ ಬೂದು ಸಮವಸ್ತ್ರದ ಪ್ಯಾಂಟು, ಮೇಲೆ ಮನೆಯ ಅಂಗಿ. ಅಣ್ಣ ಗೋಡೆಯ ಬಿಳಿ ಆಕಾರಗಳನ್ನು ನೋಡುತ್ತ ನಿಂತಿದ್ದ.

“ಇವತ್ತು ನನಗೆ ರಜಾ” ಎಂದ. “ಮೂರನೇದು ನಾನು ಹಾಕ್ತೀನಿ.”

ವೆಲ್ಡರ್ ಬೆಂಕಿ ಆರಿಸಿ ಎದ್ದು ಬಂದ. “ಬಾರಯ್ಯ ಬಾ. ಲಿಫ್ಟಲ್ಲಿ ಬರ್ತಿದ್ದೀಯ ಅಂದ್ಕೊಂಡ್ವಿ, ನೆಲ ಮುಟ್ಟೋಕೆ ಇಷ್ಟು ವರ್ಷ ಬೇಕಾಯ್ತಾ?” ಎಂದು ಸ್ಟೂಲು ಒರೆಸಿ ಹಾಕಿದ. ಅಣ್ಣನ ತುಟಿ ಅಗಲವಾಯಿತು. ತಮ್ಮಣ್ಣ ಬೇರಿಂಗಿನ ಹೋಳುಗಳನ್ನು ಅವನ ಮುಂದೆ ಸರಿಸಿದ. ಹೇಳಿದ್ದು ಒಳ್ಳೆಯದೇ ಆಯಿತು, ಮನೆಗೆ ಹೋಗಿ ಹೆಂಡತಿಗೆ ಹೇಳಬೇಕು ಎಂದುಕೊಂಡ.

ಅಣ್ಣ ತೂತಿರುವ ಹೋಳನ್ನು ಎತ್ತಿಕೊಂಡು ಒರೆಸಿದ. ಎರಡು ಬೆರಳಲ್ಲಿ ಹಿಡಿದು, ಹೆಬ್ಬೆರಳಿಂದ ಒತ್ತಿ, ಟಕ್ ಎಂದು ಕೂರಿಸಿದ. ಕೈ ಮರೆತಿರಲಿಲ್ಲ. ಎಣ್ಣೆ ಸವರಿದ. ತಮ್ಮಣ್ಣನೂ ವೆಲ್ಡರೂ ಆಚೆ ಈಚೆ ಹಿಡಿದು ಕ್ರ್ಯಾಂಕನ್ನು ಇಳಿಸಿದರು. ಅಣ್ಣ ಕ್ಯಾಪು ಇಟ್ಟು, ನಟ್ಟು ಕೈಯಲ್ಲೇ ತಿರುಗಿಸಿ, ಸ್ಪ್ಯಾನರಿಗೆ ಕೈ ಚಾಚಿದವನು ನಿಂತ.

“ತೂತು ಎಣ್ಣೆ ದಾರಿ ಮೇಲೇ ಇದೆಯಾ?”

“ನೀನೇ ಹಾಕಿದೆಯಲ್ಲ ಅಣ್ಣ. ಸರಿ ಇದೆ.”

“ಒಂದ್ಸಲ ಎತ್ತಿ.”

ಕ್ಯಾಪು ತೆಗೆದು ಕ್ರ್ಯಾಂಕ್ ಎತ್ತಿದರು. ತೂತು ಅದರ ಜಾಗದಲ್ಲೇ ಇತ್ತು. ಇಳಿಸಿದರು. ಅಣ್ಣ ಕ್ಯಾಪಿಟ್ಟ, ನಟ್ಟು ಹಾಕಿದ, ಸ್ಪ್ಯಾನರ್ ಹಿಡಿದ, ಕೆಳಗಿಟ್ಟ. “ಇಳಿಸೋವಾಗ ಜಾರಿದ್ರೆ? ಎತ್ತಿ.”

“ಕ್ರ್ಯಾಂಕಿಗೆ ತೊಟ್ಟಿಲು ಕಟ್ಟಿಬಿಡೋಣ” ಎಂದ ವೆಲ್ಡರ್. ಮೂರನೇ ಸಲವೂ ಎತ್ತಿ ಇಳಿಸಿದರು. ನಾಲ್ಕನೇ ಸಲ ತಮ್ಮಣ್ಣ ಸಣ್ಣ ತಂತಿ ತಂದು ಎಣ್ಣೆಯ ದಾರಿಯಲ್ಲಿ ತೂರಿಸಿ ತೋರಿಸಿದ. ತಂತಿ ಸಲೀಸಾಗಿ ಈಚೆ ಬಂತು.

“ನೋಡಣ್ಣ. ಸರಿ ಇದೆ.”

“ನೀನು ಹೇಳ್ಬೇಡ” ಎಂದ ಅಣ್ಣ, ಮೊದಲ ಬಾರಿಗೆ ದನಿ ಏರಿಸಿ. “ಅವತ್ತೂ ಸರಿ ಇದೆ ಅಂತಾನೇ ಅಲ್ವಾ ನೀನು ಬಿಗಿದಿದ್ದು?”

ಟೈರ್ ಅಂಗಡಿಯವ ಊಟಕ್ಕೆ ಹೋಗಿ ವಾಪಸು ಬಂದ. ಅಣ್ಣನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ತಂತಿ ತೂರಿಸುತ್ತಿದ್ದ, ತೆಗೆಯುತ್ತಿದ್ದ. ಕ್ಯಾಪಿನೊಳಗಿನ ಹೋಳನ್ನು ಬೆಳಕಿಗೆ ಹಿಡಿದು ತೂತಿಲ್ಲವೆಂದು ಖಾತ್ರಿ ಮಾಡಿಕೊಂಡು, ಇಟ್ಟು, ಮತ್ತೆ ತೆಗೆದು ಬೆಳಕಿಗೆ ಹಿಡಿಯುತ್ತಿದ್ದ. ಏಳನೇ ಸಲ ಸ್ಪ್ಯಾನರನ್ನು ನಟ್ಟಿಗೆ ಹಾಕಿದ. ಕಾಲು ಸುತ್ತು ತಿರುಗಿಸಿದ. ಸ್ಪ್ಯಾನರ್ ನಟ್ಟಿನ ಮೇಲೆ ಕಟಕಟ ಎಂದಿತು. ಅವನು ಅದನ್ನು ಹಾಗೇ ಬಿಟ್ಟು ಹಿಂದೆ ಸರಿದ.

“ನೀನೇ ಬಿಗಿ.”

“ನಾಳೆ ಬಾ ಅಣ್ಣ. ನಾನು ಹೀಗೇ ಬಿಟ್ಟಿರ್ತೀನಿ, ಮುಟ್ಟಲ್ಲ. ಒಂದು ವಾರ ಆದ್ರೂ ಆಗ್ಲಿ, ಒಂದು ತಿಂಗಳಾದ್ರೂ—”

“ನಾಳೆ ಡ್ಯೂಟಿ ಇದೆ.” ಅಣ್ಣ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ. “ಲಿಫ್ಟಲ್ಲಾದ್ರೆ ಗುಂಡಿ ಒತ್ತಿದ್ರೆ ಬಾಗಿಲು ತಾನೇ ಮುಚ್ಚುತ್ತೆ. ಸರಿಯಾಗಿ ಮುಚ್ಚಿದೆಯಾ ಅಂತ ನೋಡೋದು ನನ್ನ ಕೆಲಸ ಅಲ್ಲ.”

ಬಾಗಿಲ ತನಕ ಹೋದವನು ತಿರುಗಿದ. “ನೀನು ಬಂದು ಹೇಳೋವರೆಗೆ ಒಂದು ಆಸೆ ಇತ್ತು ಕಣೋ. ನನ್ನ ತಪ್ಪಿಲ್ಲ ಅಂತ ಯಾರಾದ್ರೂ ಹೇಳಿಬಿಟ್ರೆ, ಮಾರನೇ ದಿನವೇ ಕೆಲಸಕ್ಕೆ ಕೂತುಬಿಡ್ತೀನಿ ಅಂತ.”

ವೆಲ್ಡರ್ ಅವನ ಜೊತೆ ಬಸ್ ನಿಲ್ದಾಣದವರೆಗೆ ಹೋಗಿ ಬಂದ. ಬಂದವನು ಕ್ರ್ಯಾಂಕಿನ ಒಂದು ತುದಿ ಹಿಡಿದ. ಎತ್ತಿ, ಒರೆಸಿ, ಎಣ್ಣೆ ಸವರಿ, ಇಳಿಸಿದರು. ತಮ್ಮಣ್ಣ ಮೂರೂ ಕ್ಯಾಪುಗಳನ್ನು ಇಟ್ಟು ನಟ್ಟುಗಳನ್ನು ಬಿಗಿದ. ಕ್ರ್ಯಾಂಕನ್ನು ಒಂದು ಬೆರಳಿಂದ ತಳ್ಳಿದರೆ ಸದ್ದಿಲ್ಲದೆ ತಿರುಗಿತು. ಅವನು ಗಡಿಯಾರ ನೋಡಬಾರದಿತ್ತು, ನೋಡಿದ. ಮೂರನ್ನೂ ಬಿಗಿಯಲು ಹನ್ನೊಂದು ನಿಮಿಷ ಹಿಡಿದಿತ್ತು.